ಗ್ರಹಣ ಬಿಟ್ಟ ಮೇಲೆ ಮಿಂದ ವಿಜ್ಞಾನ ಮೇಷ್ಟರಿಗೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. 2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣದ ವಾರ ಒಂಬತ್ತನೆಯ ತರಗತಿಯಲ್ಲಿ ಟಾರ್ಚು, ಭೂಗೋಳ, ರಬ್ಬರ್ ಚೆಂಡು ಇಟ್ಟುಕೊಂಡು ಗ್ರಹಣ ಹೇಗಾಗುತ್ತದೆಂದು ತೋರಿಸಿದೆ. ಆ ಹೊತ್ತಿನಲ್ಲಿ ಉಂಡರೆ ಏನೂ ಆಗುವುದಿಲ್ಲವೆಂದೂ ಹೇಳಿದೆ. ಆದರೆ ಆ ಭಾನುವಾರ ತಾಯಿ ಹಾಲು, ಮೊಸರು, ಉಪ್ಪಿನಕಾಯಿ ಭರಣಿಗಳ ಮೇಲೆ ದರ್ಭೆ ಹಾಕಿದಾಗ ನಾನೂ ಮಧ್ಯಾಹ್ನದಿಂದ ಉಪವಾಸ ಕುಳಿತೆ. ರಾತ್ರಿ ಒಂದೂವರೆಗೆ ಗ್ರಹಣ ಬಿಟ್ಟ ಮೇಲೆ ಮಿಂದು, ದೇವರಿಗೆ ದೀಪ ಹಚ್ಚಿ ಮಲಗಿದೆ. ಸೋಮವಾರ ಒಬ್ಬ ಹುಡುಗಿ ಎದ್ದು, "ಸರ್, ನಿನ್ನೆ ರಾತ್ರಿ ನೀವು ಊಟ ಮಾಡಿದಿರಾ?" ಎಂದು ಕೇಳಿದಳು. "ಮಾಡಿದೆ" ಎಂದುಬಿಟ್ಟೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ದೈವನಂಬಿಕೆ ಮತ್ತು ತರ್ಕ ಎರಡೂ ಒಬ್ಬನಲ್ಲೇ ಇರುವುದು ಆಷಾಢಭೂತಿತನವೇ? ಒಂದನ್ನು ಬಿಡಲೇಬೇಕೇ?

ಉತ್ತರ: ಮೇಷ್ಟರೇ, ನಿಮ್ಮ ಪತ್ರದಲ್ಲಿ ನಾಲ್ಕು ಸಂಗತಿಗಳಿವೆ: ಟಾರ್ಚು, ದರ್ಭೆ, ಸ್ನಾನ, ಒಂದು ಸುಳ್ಳು. ಮೊದಲ ಮೂರರ ನಡುವೆ ರಾಜಿ ಮಾಡಿಸಿಕೊಡಿ ಎಂದು ಕೇಳಿದ್ದೀರಿ. ಎರಡು ಸಲ ಓದಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಲ್ಕನೆಯದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೂವತ್ತು ವರ್ಷ ದರ್ಶನಶಾಸ್ತ್ರ ಪಾಠ ಮಾಡಿದವನಿಗೆ ಸುತ್ತಿ ಬಳಸಿ ಊರು ಸೇರುವ ಚಾಳಿ, ಸಹಿಸಿಕೊಳ್ಳಿ.

1980ರ ಫೆಬ್ರವರಿ 16, ಶನಿವಾರ, ರಾಯಚೂರಿನ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಪಿಯುಸಿ ಓದುತ್ತಿದ್ದ ನಾನು ಅಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಪಂಚಾಂಗದ ಗಣಿತ ಬಲ್ಲವರು. ಸ್ಪರ್ಶ, ಮಧ್ಯ, ಮೋಕ್ಷಗಳನ್ನು, ಅಂದರೆ ಗ್ರಹಣ ಹಿಡಿಯುವ, ನಡುವಿನ, ಬಿಡುವ ಹೊತ್ತುಗಳನ್ನು, ತಾವೇ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಮಧ್ಯಾಹ್ನವೇ ಬೀದಿ ಬಣಗುಟ್ಟುತ್ತಿತ್ತು. ಮನೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಅಜ್ಜಿ ಜಪಕ್ಕೆ ಕುಳಿತರು. ಮಾವ ಕೈಗಡಿಯಾರ ನೋಡಿಕೊಂಡು ಕತ್ತಲ ಕೋಣೆಯಿಂದಲೇ "ಹಿಡಿಯಿತು" ಎಂದರು. ಆಕಾಶವನ್ನು ನೋಡದೆ, ಬರಿಯ ಲೆಕ್ಕದ ಮೇಲೆ ಅಷ್ಟು ನಿಶ್ಚಿಂತೆಯಿಂದ ಮಾತನಾಡಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಪಡುವಣ ಕಿಟಕಿಯ ಕದದಲ್ಲಿ ಮೊಳೆ ಕಿತ್ತ ತೂತೊಂದಿತ್ತು. ಅದರೊಳಗಿಂದ ಬಂದ ಬಿಸಿಲು ನೆಲದ ಮೇಲೆ ನಾಣ್ಯದಷ್ಟು ದುಂಡಗೆ ಬಿದ್ದಿತ್ತು. ನೋಡನೋಡುತ್ತಿದ್ದಂತೆ ಆ ನಾಣ್ಯದ ಒಂದು ಅಂಚು ಸವೆಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಕಚ್ಚಿದ ಹೋಳಿಗೆಯಂತಾಗಿ, ಆಮೇಲೆ ಬಿದಿಗೆಯ ಚಂದ್ರನಾಯಿತು. "ಒಳಗೂ ಬಂತಲ್ಲೋ" ಎಂದು ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡರು. ಮಾವ ಗೂಡಿನಿಂದ ಸೀಮೆಸುಣ್ಣ ತೆಗೆದು, ಮೊಣಕಾಲೂರಿ, ಆ ಬೆಳಕಿನ ಅಂಚಿಗೆ ಗೆರೆ ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬಿಸಿಲು ಜರುಗಿದಂತೆ ಗೆರೆಗಳೂ ಸಾಲಾಗಿ ಜರುಗಿದವು. ಮೂರೂವರೆ ದಾಟಿದ ಮೇಲೆ ಚುಕ್ಕೆ ಪೂರ್ತಿ ಆರಿ, ಹೊರಗೆ ಕಾಗೆಗಳು ಒಮ್ಮೆಗೇ ಕೂಗಿಕೊಂಡವು. ಮಾವ ಚೀಟಿ ನೋಡಿದರು, ಗಡಿಯಾರ ನೋಡಿದರು, ಮಕ್ಕಳ ಹಾಗೆ ನಕ್ಕರು. ಸಂಜೆ ಮೋಕ್ಷವಾದ ಮೇಲೆ ಉಟ್ಟ ಬಟ್ಟೆಯಲ್ಲೇ ಬಾವಿಕಟ್ಟೆಗೆ ಹೋಗಿ, ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು.

ಅವತ್ತು ರಾತ್ರಿ ನಾನೂ ನಿಮ್ಮ ವಿದ್ಯಾರ್ಥಿನಿಯದರಂಥದ್ದೇ ಪ್ರಶ್ನೆ ಕೇಳಿದೆ. "ಮಾವ, ಅಡ್ಡ ಬಂದದ್ದು ಚಂದ್ರನೋ ರಾಹುವೋ?" ಅವರೆಂದರು: "ಗಣಿತಕ್ಕೆ ಚಂದ್ರ, ಸಂಕಲ್ಪಕ್ಕೆ ರಾಹು."

ಬಹಳ ವರ್ಷ ಈ ಮಾತನ್ನು ಮೆಚ್ಚಿಕೊಂಡು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ಅದು ಅರ್ಧ ಉತ್ತರ ಅನಿಸುತ್ತದೆ. ಎರಡು ಖಾತೆ ತೆರೆದು, ಒಂದರ ಬಾಕಿ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವ ಜಾಣತನ ಅದರಲ್ಲಿದೆ. ಒಂದೇ ಮನಸ್ಸಿನಲ್ಲಿ ಇಬ್ಬರು ಬಾಡಿಗೆದಾರರು ಪರಸ್ಪರ ಮುಖ ನೋಡದೆ ಎಷ್ಟು ದಿನ ಇರಬಲ್ಲರು? ಎಂದಾದರೊಮ್ಮೆ ಒಂಬತ್ತನೆಯ ತರಗತಿಯ ಹುಡುಗಿ ಬಂದು ಕದ ತಟ್ಟುತ್ತಾಳೆ.

ಮಾವನ ರಾಜಿಸೂತ್ರ ಅವರ ಸ್ವಂತದ್ದೇನೂ ಆಗಿರಲಿಲ್ಲ. ಆರ್ಯಭಟ 499ರಲ್ಲೇ ಸಂಗತಿಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದ: ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಮುಂದಿನ ಶತಮಾನದ ವರಾಹಮಿಹಿರನೂ ಗ್ರಹಣಕ್ಕೆ ರಾಹು ಕಾರಣನಲ್ಲ ಎಂದು ವಾದಿಸಿ ತೋರಿಸುತ್ತಾನೆ. ಆದರೆ ರಾಹುವನ್ನು ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸಿಲ್ಲ. ಗ್ರಹಣದ ಹೊತ್ತಿನ ದಾನ, ಹೋಮಗಳಲ್ಲಿ ನಿನಗೂ ಒಂದು ಪಾಲು ಸಿಗಲಿ ಎಂದು ಬ್ರಹ್ಮ ವರ ಕೊಟ್ಟಿದ್ದಾನೆ, ಅದಕ್ಕಾಗಿ ರಾಹು ಆಗ ಅಲ್ಲಿ ಹಾಜರಿರುತ್ತಾನೆ ಎನ್ನುತ್ತಾನೆ. ಕೆಲಸ ಮಾಡಿದವನು ಬೇರೆ, ಊಟದ ಪಂಕ್ತಿಗೆ ಬಂದವನು ಬೇರೆ.

ಬ್ರಹ್ಮಗುಪ್ತನದು ಇನ್ನೂ ಕುತೂಹಲದ ಕಥೆ. ಇಂದಿನ ರಾಜಸ್ಥಾನದ ಭೀನ್‌ಮಾಲ್‌ನಲ್ಲಿದ್ದುಕೊಂಡು 628ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅವನು ತನ್ನ ದೊಡ್ಡ ಸಿದ್ಧಾಂತಗ್ರಂಥ ಬರೆದ. ಸೊನ್ನೆಯ ಜೊತೆ, ಋಣಸಂಖ್ಯೆಗಳ ಜೊತೆ ಲೆಕ್ಕ ಮಾಡುವ ನಿಯಮಗಳನ್ನು ಜಗತ್ತಿಗೆ ಕೊಟ್ಟ ಗ್ರಂಥ ಅದು. ಗ್ರಹಣದ ಗಣಿತವನ್ನು ಅವನು ಮಾಡುವುದು ನೆರಳಿನ ಅಳತೆಯಿಂದಲೇ. ಆದರೆ ಅದೇ ಗ್ರಂಥದಲ್ಲಿ, ರಾಹುವನ್ನು ಅಲ್ಲಗಳೆಯುವ ಆರ್ಯಭಟ, ವರಾಹಮಿಹಿರರ ಮೇಲೆ ಹರಿಹಾಯುತ್ತಾನೆ: ಅವರ ಮಾತು ಒಪ್ಪಿದರೆ ವೇದ, ಸ್ಮೃತಿಗಳು ಸುಳ್ಳಾಗುತ್ತವಲ್ಲ! ಕೊನೆಗೆ ಬ್ರಹ್ಮನ ವರದಿಂದ ರಾಹು ಭೂಮಿಯ ನೆರಳಿನೊಳಗೆ ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ ಎಂದು ಗಂಟು ಹಾಕುತ್ತಾನೆ. ನಾನೂರು ವರ್ಷಗಳ ಮೇಲೆ, ಸುಮಾರು 1030ರಲ್ಲಿ, ಭಾರತದ ಬಗ್ಗೆ ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿಗೆ ಈ ಭಾಗ ಓದಿ ತಡೆಯಲಾಗಲಿಲ್ಲ. ಇಷ್ಟು ಚುರುಕುಬುದ್ಧಿಯ ಹರೆಯದವನು ತನ್ನ ಅಂತಃಸಾಕ್ಷಿಗೆ ವಿರುದ್ಧವಾಗಿ ಹೀಗೇಕೆ ಬರೆದ? ಸಾಕ್ರಟೀಸನಿಗೆ ಬಂದಂಥ ಆಪತ್ತೇನಾದರೂ ಇವನಿಗೂ ಎದುರಾಗಿತ್ತೇನೋ ಎಂಬುದು ಅವನ ಊಹೆ.

ಈ ಊಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬ್ರಹ್ಮಗುಪ್ತನಿಗೆ ನಿಜವಾಗಿಯೂ ಎರಡೂ ಬೇಕಾಗಿದ್ದಿರಬಹುದು; ಒಂದನ್ನು ಹೇಳಿ ಇನ್ನೊಂದನ್ನು ಹೊಲಿದು ಸೇರಿಸುವುದು ಪಂಡಿತರ ಹಳೆಯ ಅಭ್ಯಾಸ. ಆದರೂ ಅಲ್ ಬಿರೂನಿ ಬೆರಳಿಟ್ಟ ಜಾಗ ಸರಿಯಾಗಿಯೇ ಇದೆ. ಅವನನ್ನು ನೋಯಿಸಿದ್ದು ಬ್ರಹ್ಮಗುಪ್ತನ ಭಕ್ತಿ ಎಂದು ನನಗನಿಸುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಬರೆದದ್ದು ಅವನನ್ನು ನೋಯಿಸಿತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಬ್ರಹ್ಮಗುಪ್ತನ ಗ್ರಂಥ ಮುಗಿದ ನಾಲ್ಕೇ ವರ್ಷಕ್ಕೆ, 632ರ ಜನವರಿಯಲ್ಲಿ, ಮದೀನಾದಲ್ಲಿ ಇನ್ನೊಂದು ಗ್ರಹಣ. ಅದೇ ದಿನ ಪ್ರವಾದಿ ಮುಹಮ್ಮದರ ಮಗ, ಇನ್ನೂ ಎಳೆಗೂಸು ಇಬ್ರಾಹಿಂ ತೀರಿಕೊಂಡಿದ್ದ. ಆ ಸಾವಿನ ದುಃಖಕ್ಕೇ ಸೂರ್ಯ ಕಪ್ಪಿಟ್ಟಿತೆಂದು ಜನ ಮಾತನಾಡಿಕೊಂಡರು. ಮಗನನ್ನು ಕಳೆದುಕೊಂಡ ತಂದೆ ಸುಮ್ಮನಿದ್ದಿದ್ದರೂ ಸಾಕಿತ್ತು, ಆ ಮಾತು ಅವರ ಮಹಿಮೆಯ ಪಟ್ಟಿಗೆ ಸೇರುತ್ತಿತ್ತು. ಪ್ರವಾದಿಯ ನಡೆನುಡಿಗಳ ದಾಖಲೆಗಳಾದ ಹದೀಸುಗಳು ಹೇಳುವಂತೆ ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ದೇವರ ಕುರುಹುಗಳು, ಯಾರ ಹುಟ್ಟಿಗೂ ಯಾರ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ, ಗ್ರಹಣ ಕಂಡಾಗ ಪ್ರಾರ್ಥನೆ ಮಾಡಿ ಎಂದರು. ಗಮನಿಸಿ ಮೇಷ್ಟರೇ: ಗ್ರಹಣದ ಕಾರಣದ ಬಗ್ಗೆ ಜನ ಕಟ್ಟಿದ ಕಥೆಯನ್ನು ತಳ್ಳಿಹಾಕಿ, ಗ್ರಹಣದ ನಮಾಜನ್ನು ಇಟ್ಟುಕೊಂಡರು. ಅದು ಇಂದಿಗೂ ನಡೆಯುತ್ತದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಇಸ್ಲಾಮಿನ ಧರ್ಮಪಂಡಿತ ಗಝಾಲಿ ಇದೇ ಎಳೆ ಹಿಡಿದ. ತತ್ತ್ವಜ್ಞಾನಿಗಳ ಮೇಲೆ ಯುದ್ಧಕ್ಕೇ ಹೊರಟ ಅದೇ ಗಝಾಲಿ, ಗ್ರಹಣದ ಗಣಿತವನ್ನು ಅಲ್ಲಗಳೆಯುವುದು ಧರ್ಮಕಾರ್ಯವೆಂದು ತಿಳಿದವನು ಧರ್ಮಕ್ಕೇ ಕೇಡು ಮಾಡುತ್ತಾನೆ ಎಂದು ತನ್ನವರಿಗೇ ಎಚ್ಚರಿಕೆ ಕೊಟ್ಟ. ಯಾವಾಗ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಬಲ್ಲವನ ಮುಂದೆ 'ಧರ್ಮ ಇದನ್ನು ಒಪ್ಪುವುದಿಲ್ಲ' ಎಂದರೆ ಅವನಿಗೆ ತನ್ನ ಗಣಿತದ ಮೇಲೆ ಅನುಮಾನ ಬರುವುದಿಲ್ಲ, ಧರ್ಮದ ಮೇಲೆ ಬರುತ್ತದೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕನ್ನಡದಲ್ಲಿ 'ನಂಬು' ಎಂಬ ಕ್ರಿಯಾಪದವನ್ನು ನಾವು ಎರಡು ಬಗೆಯಾಗಿ ಬಳಸುತ್ತೇವೆ. 'ನಾಳೆ ಮಳೆ ಬರುತ್ತದೆ ಎಂದು ನಂಬಿದ್ದೇನೆ' ಎನ್ನುತ್ತೇವೆ. 'ಅವನನ್ನು ನಂಬಿ ಹೊಲ ಕೊಟ್ಟೆ' ಎಂದೂ ಹೇಳುತ್ತೇವೆ. ಮೊದಲನೆಯದು ಲೋಕ ಹೇಗಿದೆ ಎಂಬುದರ ಬಗ್ಗೆ ಒಂದು ಹೇಳಿಕೆ. ಹೊರಗೆ ಹೋಗಿ ನೋಡಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಎರಡನೆಯದು ಒಬ್ಬರ ಮೇಲೆ ಭಾರ ಹಾಕುವುದು. ನಮ್ಮ ವಚನಕಾರರೂ ದಾಸರೂ 'ನಂಬು', 'ನೆಚ್ಚು' ಎಂದಾಗಲೆಲ್ಲ ಹೆಚ್ಚಾಗಿ ಈ ಎರಡನೆಯ ಅರ್ಥದಲ್ಲೇ ಹೇಳಿದರು. ದೇವರ ಇರವನ್ನು ಸಾಧಿಸಿ ತೋರಿಸುವ ಕೆಲಸವನ್ನು ಅವರು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರಿಗೆ ಬಿಟ್ಟು, ತಮ್ಮ ಭಾರವನ್ನು ಅವನ ಮೇಲೆ ಹಾಕಿದರು. ಮೊದಲನೆಯದನ್ನು 'ಎಂದು-ನಂಬಿಕೆ' ಎಂದೂ ಎರಡನೆಯದನ್ನು 'ಅನ್ನು-ನಂಬಿಕೆ' ಎಂದೂ ಕರೆಯುತ್ತೇನೆ. ವ್ಯಾಕರಣದವರು ನಗಲಿ.

ನಿಮ್ಮ ಮನೆಯ ಆ ರಾತ್ರಿಯನ್ನು ಈ ಜರಡಿಗೆ ಹಾಕಿ. 'ಗ್ರಹಣದ ಹೊತ್ತಿನಲ್ಲಿ ಹಾಲು ವಿಷವಾಗುತ್ತದೆ, ದರ್ಭೆ ಹಾಕಿದರೆ ಆಗುವುದಿಲ್ಲ' ಎಂಬುದು ಎಂದು-ನಂಬಿಕೆ. ಅದಕ್ಕೆ ತರ್ಕದ ಮುಂದೆ ವಿನಾಯಿತಿಯಿಲ್ಲ. ಎರಡು ಲೋಟ ಹಾಲಿಟ್ಟು, ಒಂದಕ್ಕೆ ದರ್ಭೆ ಹಾಕಿ, ಇನ್ನೊಂದಕ್ಕೆ ಹಾಕದೆ ಬೆಳಿಗ್ಗೆ ನೋಡಿದರಾಯಿತು. ಅಷ್ಟೂ ಬೇಡ. ಅವತ್ತು ರಾತ್ರಿ 9.57ಕ್ಕೆ ಚಂದ್ರನಿಗೆ ತಾಗಿ 1.26ಕ್ಕೆ ಬಿಟ್ಟ ಆ ನೆರಳು ಯಾವುದು? ಭೂಮಿಯದ್ದು. ಪ್ರತಿ ಸಂಜೆ ಸೂರ್ಯ ಮುಳುಗಿದ ಮೇಲೆ ನಾವು ಕುಳಿತಿರುವುದೂ ಅದೇ ನೆರಳಿನಲ್ಲಿ. ಇರುಳು ಎಂದರೆ ಅದೇ. ಅದರಲ್ಲೇ ದಿನವೂ ಹಾಲಿಗೆ ಹೆಪ್ಪು ಹಾಕುತ್ತೇವೆ, ಮುದ್ದೆ ಮುರಿಯುತ್ತೇವೆ, ಮಕ್ಕಳನ್ನು ಮಲಗಿಸುತ್ತೇವೆ. ನಾವು ಜೀವಮಾನದ ಅರ್ಧ ಕಳೆಯುವ ನೆರಳಿನಲ್ಲಿ ಚಂದ್ರ ಮೂರೂವರೆ ಗಂಟೆ ಕಳೆದರೆ ನಮ್ಮ ಉಪ್ಪಿನಕಾಯಿ ಏಕೆ ಕೆಡಬೇಕು?

ಇಲ್ಲೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ. ದರ್ಭೆ 'ವಿಕಿರಣ ತಡೆಯುತ್ತದೆ' ಎಂಬ ವಾಟ್ಸ್‌ಆ್ಯಪ್ ಸಂದೇಶ ಪ್ರತಿ ಗ್ರಹಣಕ್ಕೂ ಬರುತ್ತದೆ. ಕಳಿಸುವವರಲ್ಲಿ ಎಂಜಿನಿಯರುಗಳೂ ಇದ್ದಾರೆ. ನಿಮ್ಮ ತಾಯಿ ಹಾಗೆ ಹೇಳಿರಲಿಕ್ಕಿಲ್ಲ. ಅತ್ತೆ ಹಾಕುತ್ತಿದ್ದರು, ನಾನೂ ಹಾಕಿದೆ ಎಂದಿರುತ್ತಾರೆ. ಅದರಲ್ಲಿ ಮೋಸವಿಲ್ಲ. ವಿಕಿರಣದ ಮಾತಾಡುವವರು ವಿಜ್ಞಾನದ ಅಂಗಿಯನ್ನು ಎರವಲು ತಂದು ಸಂಪ್ರದಾಯಕ್ಕೆ ತೊಡಿಸುತ್ತಾರೆ. ಪ್ರಯೋಗ ಮಾಡಿ ನೋಡುವ ಪ್ರಾಮಾಣಿಕತೆಯೂ ಅಲ್ಲಿಲ್ಲ, ಹಿರಿಯರ ಮೇಲಿನ ಗೌರವಕ್ಕೆ ಮಾಡಿದೆನೆಂದು ಹೇಳುವ ಧೈರ್ಯವೂ ಇಲ್ಲ.

ಸ್ನಾನ ಮತ್ತು ದೀಪದ ಲೆಕ್ಕ ಬೇರೆ. ನೀವು ದೀಪ ಹಚ್ಚಿದ್ದು ನೆರಳನ್ನು ಓಡಿಸಲು ಅಲ್ಲವಷ್ಟೇ? ಹುಣ್ಣಿಮೆಯ ಚಂದ್ರ ತಾಮ್ರದ ತಟ್ಟೆಯಂತಾಗಿ ಮತ್ತೆ ಬೆಳ್ಳಗಾದದ್ದನ್ನು ನೋಡಿ, ಮೈ ತೊಳೆದುಕೊಂಡು, ನೀವು ನೆಚ್ಚಿದವನ ಮುಂದೆ ಒಂದು ಗಳಿಗೆ ನಿಂತಿರಿ. ಅದರಲ್ಲಿ ಭೌತಶಾಸ್ತ್ರ ತಪ್ಪೆಂದು ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ನೀವು ಆಡಿಲ್ಲ. ಮದೀನಾದ ಆ ಪ್ರಾರ್ಥನೆಯ ಹಾಗೆಯೇ ಇದೂ. ಆದರೆ 'ಮೀಯದಿದ್ದರೆ ಕೇಡಾಗುತ್ತದೆ' ಎಂದು ಮಿಂದಿದ್ದರೆ ನೀವು ಮತ್ತೆ ಎಂದು-ನಂಬಿಕೆಗೆ ಜಾರಿದಿರಿ. ಎರಡರಲ್ಲಿ ಯಾವುದೆಂದು ನಿಮಗೇ ಗೊತ್ತು.

'ಶಾಸ್ತ್ರವನ್ನೇ ಹೀಗೆ ತರ್ಕಕ್ಕೆ ಒಡ್ಡುವುದು ಪಾಶ್ಚಾತ್ಯರ ಬುದ್ಧಿ' ಎಂದು ನಿಮ್ಮ ಊರಿನಲ್ಲಿ ಯಾರಾದರೂ ಹೇಳಬಹುದು. ಹೇಳಿದರೆ ಮೂವರ ಹೆಸರು ತೆಗೆಯಿರಿ. ಬೆಂಕಿ ತಣ್ಣಗಿದೆ, ಬೆಳಗುವುದಿಲ್ಲ ಎಂದು ನೂರು ಶ್ರುತಿಗಳು, ಅಂದರೆ ವೇದವಾಕ್ಯಗಳು, ಹೇಳಿದರೂ ಅದು ಪ್ರಮಾಣವಾಗದು ಎಂದು ಗೀತೆಯ ಭಾಷ್ಯದಲ್ಲಿ ಬರೆದವರು ಶಂಕರಾಚಾರ್ಯರು. ಸಾವಿರ ಆಗಮಗಳು ಸೇರಿದರೂ ಗಡಿಗೆಯನ್ನು ಬಟ್ಟೆ ಮಾಡಲಾರವು ಎಂದವನು ಅವರ ಭಾಷ್ಯಕ್ಕೆ ವ್ಯಾಖ್ಯಾನ ಬರೆದ ವಾಚಸ್ಪತಿ. ಶಂಕರರನ್ನು ಬೇರೆಲ್ಲದರಲ್ಲೂ ಎದುರಿಸಿದ ಉಡುಪಿಯ ಮಧ್ವಾಚಾರ್ಯರು ಇದನ್ನು ಇನ್ನೂ ಬಿಗಿ ಮಾಡಿದರು. ವೇದವನ್ನು ತಿಳಿಯಬೇಕಾದರೆ ಕಿವಿ ಬೇಕು, ಕೇಳಿದ್ದನ್ನು ಅರಿಯುವ ಸಾಕ್ಷಿ ಬೇಕು. ಯಾವುದನ್ನು ಆಧರಿಸಿ ಒಂದು ಪ್ರಮಾಣ ನಿಂತಿದೆಯೋ ಅದು 'ಉಪಜೀವ್ಯ'. ಉಪಜೀವ್ಯಕ್ಕೆ ವಿರೋಧವಾಗಿ ಶ್ರುತಿಗೆ ಅರ್ಥ ಹೇಳಕೂಡದು. ಕುಳಿತ ಕೊಂಬೆಯನ್ನೇ ಕಡಿಯುವ ಅರ್ಥ ಶ್ರುತಿಯದಾಗಲಾರದು ಎಂಬುದು ಅವರ ನಿಲುವು. ಶ್ರುತಿಯ ಕ್ಷೇತ್ರ ಕಣ್ಣಿಗೂ ಊಹೆಗೂ ಎಟುಕದ ವಿಷಯ. ಗ್ರಹಣ ಕಣ್ಣಿಗೆ ಎಟುಕುತ್ತದೆ. ನನ್ನ ಅಜ್ಜಿಯ ಕಾಲಿಗೂ ಎಟುಕಿತ್ತು.

ಅದಕ್ಕೇ ಪಂಚಾಂಗದವರಿಗೆ ಗ್ರಹಣವೆಂದರೆ ಪರೀಕ್ಷೆಯ ದಿನ. ತಿಥಿ ಒಂದೆರಡು ಗಳಿಗೆ ಹೆಚ್ಚುಕಮ್ಮಿಯಾದರೆ ಯಾರಿಗೂ ತಿಳಿಯದು, ಗ್ರಹಣ ಅರ್ಧ ಗಂಟೆ ತಪ್ಪಿದರೆ ಬೀದಿಗೆಲ್ಲ ತಿಳಿಯುತ್ತದೆ. ಕೇರಳದ ಪರಮೇಶ್ವರ ಎಂಬ ನಂಬೂದಿರಿ ದಶಕಗಳ ಕಾಲ ಗ್ರಹಣಗಳನ್ನು ಒಂದೊಂದಾಗಿ ಗಮನಿಸಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲವೆಂದು ಕಂಡು, 1431ರಲ್ಲಿ ದೃಗ್ಗಣಿತವೆಂಬ ಹೊಸ ಪದ್ಧತಿಯನ್ನೇ ಬರೆದ. ಆತ ಸಂಧ್ಯಾವಂದನೆ ಬಿಟ್ಟವನಲ್ಲ. ಲೆಕ್ಕ ತಪ್ಪಿದಾಗ ಲೆಕ್ಕವನ್ನು ತಿದ್ದಿದ.

ಅನ್ನು-ನಂಬಿಕೆಗೆ ಹಾಗಾದರೆ ಪರೀಕ್ಷೆಯೇ ಇಲ್ಲವೇ? ಇದೆ, ಮತ್ತು ಅದು ಇನ್ನೂ ಕಠಿಣ. ಯಾರನ್ನು ನಂಬುತ್ತೇವೆ ಎಂಬುದನ್ನು ನೋಡಿಯೇ ನಂಬಬೇಕು. ಹೊಲ ಕೊಡುವಾಗ ನೋಡುವುದಿಲ್ಲವೇ? ನಂಬತಕ್ಕವನಿಗೆ, ಅಂದರೆ 'ಆಪ್ತ'ನಿಗೆ, ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಇಡುವ ಲಕ್ಷಣ ಇದು: ವಿಷಯವನ್ನು ಅವನು ತಾನೇ ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತ ಹಾಗೆ ಹೇಳುವ ಇಚ್ಛೆ ಇರಬೇಕು. ಅಷ್ಟು ಹೇಳಿ ಒಂದು ಮಾತು ಸೇರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಸಾವಿರದೈನೂರು ವರ್ಷಕ್ಕೂ ಹಿಂದಿನ ಮಾತಿದು.

ಇನ್ನು ನಮ್ಮ ಸಮಂತಭದ್ರ. ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರಿನಲ್ಲಿ ವಾದದ ಭೇರಿ ಬಾರಿಸಿದವನೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನ ಹೊಗಳುವ ಜೈನ ಮುನಿ. ಅವನ ಆಪ್ತಮೀಮಾಂಸೆ ಆರಂಭವಾಗುವ ರೀತಿ ನೋಡಿ. ಎದುರಿಗೆ ನಿಲ್ಲಿಸಿಕೊಂಡಿರುವುದು ತಾನು ಆರಾಧಿಸುವ ಜಿನನನ್ನೇ. ಅವನಿಗೆ ಹೇಳುತ್ತಾನೆ: ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು, ಇಂಥ ವೈಭವವೆಲ್ಲ ಮಾಯಾವಿಗಳಲ್ಲೂ ಕಾಣುತ್ತದೆ, ಇದಕ್ಕಾಗಿ ನೀನು ನಮಗೆ ದೊಡ್ಡವನಲ್ಲ. ಮತ್ತೆ ಯಾವುದಕ್ಕೆ ದೊಡ್ಡವನು? ನಿನ್ನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ್ದು, ಅದಕ್ಕೆ. ಪವಾಡವನ್ನು ಹೊಸಿಲಾಚೆ ಬಿಟ್ಟು ಬಂದ ಮೇಲೆಯೇ ಅವನು ಕೈ ಮುಗಿಯುವುದು. ಮೊದಲ ಸಲ ಓದಿದಾಗ ನನಗೆ ಎಚ್. ನರಸಿಂಹಯ್ಯನವರ ನೆನಪಾಯಿತು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ನೇಮಿಸಿದರು. ವಿಶ್ವವಿದ್ಯಾಲಯಕ್ಕೆ ಇದೇಕೆ ಬೇಕಿತ್ತು ಎಂದು ಆಗ ಎಷ್ಟು ಜನ ಕೇಳಿದರು! ಸಮಂತಭದ್ರ ಇದ್ದಿದ್ದರೆ ಸಮಿತಿಯ ಸದಸ್ಯನಾಗಲು ಅರ್ಜಿ ಹಾಕುತ್ತಿದ್ದ.

ನರಸಿಂಹಯ್ಯನವರು ದೇವರನ್ನು ಒಪ್ಪದೆ ಕೇಳಿದರು, ಸಮಂತಭದ್ರ ಆರಾಧಿಸುತ್ತಲೇ ಕೇಳಿದ. ಇಬ್ಬರ ಪ್ರಶ್ನೆ ಒಂದೇ ಆಗಿದೆಯೆಂಬುದು ನಿಮಗೆ ಸಮಾಧಾನ ಕೊಡಬೇಕು.

ಇಷ್ಟಾದರೂ ಒಂದು ಇಕ್ಕಟ್ಟು ಉಳಿಯುತ್ತದೆ, ಅದನ್ನು ಮುಚ್ಚಿಟ್ಟರೆ ನಾನೂ ಬ್ರಹ್ಮಗುಪ್ತನಾದೇನು. ದೇವರನ್ನು ನಂಬಬೇಕಾದರೆ ದೇವರು ಇದ್ದಾನೆ ಎಂದು ಮೊದಲು ನಂಬಬೇಡವೇ? ಬೇಕು. ಅನ್ನು-ನಂಬಿಕೆಯ ತಳದಲ್ಲಿ ಒಂದು ಎಂದು-ನಂಬಿಕೆ ಕುಳಿತೇ ಇರುತ್ತದೆ. ಅದನ್ನು ಸಾಧಿಸಲು ನೈಯಾಯಿಕ ಉದಯನ ಒಂದು ಗ್ರಂಥವನ್ನೇ ಬರೆದ. ವೇದವನ್ನೇ ನೆಚ್ಚಿದ ಮೀಮಾಂಸಕರೂ ಬೌದ್ಧರೂ ಜೈನರೂ ಅಂಥ ಸೃಷ್ಟಿಕರ್ತ ಇಲ್ಲವೆಂದು ಅಷ್ಟೇ ಶ್ರದ್ಧೆಯಿಂದ ಸಾಧಿಸಿದರು. ನಾನು ಎರಡೂ ಕಡೆ ಓದಿದ್ದೇನೆ. ಒಂದು ಕಡೆ ಸೋತಿತು ಎಂದು ಘೋಷಿಸುವ ಸಂದರ್ಭ ನನಗೆ ಬಂದಿಲ್ಲ. ಶಂಕರರು ಬ್ರಹ್ಮಸೂತ್ರದ ಭಾಷ್ಯದಲ್ಲಿ ಇದನ್ನು ನೋಡಿಯೇ ಹೇಳಿದ್ದು: ಒಬ್ಬ ಜಾಣ ಕಷ್ಟಪಟ್ಟು ಕಟ್ಟಿದ ತರ್ಕವನ್ನು ಅವನಿಗಿಂತ ಜಾಣ ಬಂದು ಕೆಡವುತ್ತಾನೆ. ಅದೇ ಪುಟದಲ್ಲಿ ಅವರು ಎದುರಾಳಿಯ ಬಾಯಲ್ಲಿ ಇನ್ನೊಂದು ಮಾತು ಇಡುತ್ತಾರೆ. ತರ್ಕಕ್ಕೆ ನೆಲೆಯಿಲ್ಲ ಎಂಬುದನ್ನು ನೀವು ತಿಳಿದದ್ದಾದರೂ ತರ್ಕದಿಂದಲೇ ತಾನೇ? ಈ ಚಕ್ರದಿಂದ ಹೊರಬಂದವರನ್ನು ನಾನು ಕಂಡಿಲ್ಲ. ನೀವೂ ಬರಬೇಕಾಗಿಲ್ಲ. ಗ್ರಹಣದ ವಿಷಯ ಇತ್ಯರ್ಥವಾದಷ್ಟು ದೇವರ ವಿಷಯ ಇತ್ಯರ್ಥವಾಗಿಲ್ಲ ಎಂದು ತಿಳಿದುಕೊಂಡು ಕೈ ಮುಗಿಯುವುದೂ, ಮುಗಿಯದಿರುವುದೂ ಎರಡೂ ಪ್ರಾಮಾಣಿಕವೇ.

ಒಂದು ಕಡೆ ಮಾತ್ರ ನಾನು ರಾಜಿಗೆ ಬರುವುದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಕಲಬುರಗಿ ಬಳಿಯ ಒಂದು ಹಳ್ಳಿಯಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹಾಗೆ ಮಾಡಿದರೆ ಗುಣವಾಗುತ್ತದೆಂದು ಯಾರೋ ಹೇಳಿದ್ದರು. ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ತಂದೆತಾಯಿಯರು ಕೆಟ್ಟವರಲ್ಲ, ಕೈಸೋತವರು. ಆದರೆ ನಿಮ್ಮ ಉಪವಾಸದ ಹಸಿವು ನಿಮ್ಮ ಹೊಟ್ಟೆಯದು, ಅಲ್ಲಿ ಮಣ್ಣಿನ ಭಾರ ಹೊತ್ತದ್ದು ಮಕ್ಕಳ ಎದೆ. ನಂಬುವವನು ಒಬ್ಬ, ಬೆಲೆ ತೆರುವವನು ಇನ್ನೊಬ್ಬ ಆದಾಗ ತರ್ಕ ಬಾಗಿಲು ತಟ್ಟಿ ಅಪ್ಪಣೆ ಕೇಳುವ ಅಗತ್ಯವಿಲ್ಲ, ನೇರವಾಗಿ ಒಳಗೆ ಬರಬೇಕು. 2017ರಲ್ಲಿ ನಮ್ಮ ಶಾಸನಸಭೆ ಒಪ್ಪಿದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಜಾರಿಗೆ ಬಂದದ್ದು ಈ ಗ್ರಹಣವಾದ ಮುಂದಿನ ತಿಂಗಳು, 2020ರ ಜನವರಿಯಲ್ಲಿ. ಅಷ್ಟು ದೂರ ಏಕೆ, ಗ್ರಹಣದ ದಿನ ತುಂಬು ಬಸುರಿಯನ್ನು ಕತ್ತಲ ಕೋಣೆಯಲ್ಲಿ ನೀರೂ ಕೊಡದೆ ಕೂರಿಸುವ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು. ನಿಮ್ಮ ಟಾರ್ಚು ಬೇಕಾಗಿರುವುದು ಅಲ್ಲಿ. ಅಲ್ಲಿ ಸುಮ್ಮನಿದ್ದು ತರಗತಿಯಲ್ಲಿ ಮಾತ್ರ ಮಾತನಾಡಿದರೆ ಅದನ್ನು ಆಷಾಢಭೂತಿತನ ಎನ್ನುತ್ತೇನೆ. ನಿಮ್ಮ ಮಧ್ಯರಾತ್ರಿಯ ಸ್ನಾನವನ್ನಲ್ಲ.

ಈಗ ಆ ಸುಳ್ಳು. ಬ್ರಹ್ಮಗುಪ್ತ ತನಗೆ ಗೊತ್ತಿದ್ದ ಗಣಿತವನ್ನು ಶಾಸ್ತ್ರದ ಮುಂದೆ ಬಚ್ಚಿಟ್ಟ. ನೀವು ನಿಮ್ಮಲ್ಲಿದ್ದ ಭಕ್ತಿಯನ್ನು ವಿಜ್ಞಾನದ ಮುಂದೆ ಬಚ್ಚಿಟ್ಟಿರಿ. ದಿಕ್ಕು ಬೇರೆ, ಅಂಜಿಕೆ ಒಂದೇ: ಎದುರಿಗಿರುವವರು ಏನೆಂದುಕೊಂಡಾರು! 'ಮಾಡಿದೆ' ಎಂದ ಆ ಗಳಿಗೆಯಲ್ಲಿ ನೀವು ಆ ಹುಡುಗಿಗೆ ಆಪ್ತರಾಗಿ ಉಳಿಯಲಿಲ್ಲ. ವಿಷಯ ನಿಮಗೆ ಗೊತ್ತಿತ್ತು; ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳುವ ಇಚ್ಛೆ ಒಂದು ಕ್ಷಣ ಕೈಕೊಟ್ಟಿತು. ಅವಳು ಗ್ರಹಣದ ಬಗ್ಗೆ ಕೇಳಲಿಲ್ಲ ಮೇಷ್ಟರೇ. ಗ್ರಹಣ ಅವಳಿಗೆ ಅರ್ಥವಾಗಿತ್ತು, ಅಷ್ಟು ಚೆನ್ನಾಗಿ ಪಾಠ ಮಾಡಿದ್ದೀರಿ. ನಿಮ್ಮ ಮಾತನ್ನು ನಂಬಬಹುದೇ ಎಂದು ಕೇಳಿದಳು.

ಅವಳನ್ನು ಕರೆದು, ತರಗತಿಯ ಎದುರೇ, ನಿಜ ಹೇಳಿಬಿಡಿ. "ನಾನು ಅವತ್ತು ಊಟ ಮಾಡಿರಲಿಲ್ಲ. ಉಂಡಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ನಿಜ. ಅಮ್ಮನ ಜೊತೆ ಉಪವಾಸ ಇದ್ದೆ, ಮಿಂದು ದೀಪ ಹಚ್ಚಿದೆ. ನಿನಗೆ ಸುಳ್ಳು ಹೇಳಿದ್ದು ತಪ್ಪು." ಇಷ್ಟು ಸಾಕು, ವಿವರಣೆಯ ಬಾಲ ಬೇಡ. ಕೆಲವು ಮಕ್ಕಳು ನಗಬಹುದು. ಒಂದಿಬ್ಬರು ಮರುಪ್ರಶ್ನೆ ಹಾಕಿದರೆ ನನ್ನ ಈ ಉದ್ದನೆಯ ಪತ್ರಕ್ಕಿಂತ ಒಳ್ಳೆಯ ಪಾಠ ಅಲ್ಲೇ ನಡೆಯುತ್ತದೆ.

ಮತ್ತೊಂದು ಸಂಗತಿ. 2026ರ ಮಾರ್ಚ್ 3, ಮಂಗಳವಾರ, ಮತ್ತೆ ಚಂದ್ರಗ್ರಹಣ ಇದೆ. ನಮ್ಮ ಕಡೆ ಅಂದು ಚಂದ್ರ ಗ್ರಹಣ ಹಿಡಿದೇ ಹುಟ್ಟುತ್ತಾನೆ. ಪಂಚಾಂಗದಲ್ಲಿ ಇದನ್ನು ಗ್ರಸ್ತೋದಯ ಎನ್ನುತ್ತಾರೆ. ಸಂಜೆ 6.47ರ ಸುಮಾರಿಗೆ ಮೋಕ್ಷ, ಹಾಗಾಗಿ ನೋಡಲು ಸಿಗುವುದು ಕೆಲವೇ ನಿಮಿಷ, ಅದೂ ಮೂಡಣ ದಿಕ್ಕು ಬಯಲಾಗಿದ್ದರೆ ಮಾತ್ರ. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸೇರಿಸಿ. ಮಂಡಕ್ಕಿ ಹಂಚಿ, ನೀವೂ ತಿನ್ನಿ. ನಿಮ್ಮ ತಾಯಿ ಒಪ್ಪಿದರೆ ಅವರಿಗೂ ಒಂದು ಕುರ್ಚಿ ಹಾಕಿ. ಮನೆಗೆ ಹೋಗಿ ಅವರು ಮೀಯಲಿ, ನೀವು ನೀರು ಕಾಯಿಸಿಕೊಡಿ.